ಹಳೆ ಕಿಟ್‌ನ ಬಣ್ಣ ಬಿಡಿಸಬೇಕು, ಪ್ಲಾಸ್ಟಿಕ್ ಉಳಿಯಬೇಕು: ಹೇಗೆ?

ಪ್ರಶ್ನೆ: ಕಾಲೇಜಿನಲ್ಲಿ ಓದುವಾಗ ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಜೆಟ್ ವಿಮಾನದ 1/72 (ಅಸಲಿಗಿಂತ 72 ಪಟ್ಟು ಚಿಕ್ಕದು) ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಿದ್ದೆ. ಬ್ರಿಟಿಷ್ ವಾಯುಪಡೆಯ ಕಸರತ್ತಿನ ತಂಡ ರೆಡ್ ಆರೋಸ್‌ನ ಕೆಂಪು ಬಣ್ಣ. ಹಂಬ್ರಾಲ್ ಕಂಪನಿಯ ಎನಾಮಲ್ ತಂದು ಬ್ರಶ್‌ನಲ್ಲೇ ಹಚ್ಚಿದ್ದು. ಈಗ ನೋಡಿದರೆ ಬಣ್ಣ ದಪ್ಪಗೆ ಕೂತು ಪ್ಯಾನೆಲ್ ಗೆರೆಗಳೇ (ಲೋಹದ ಹಾಳೆಗಳ ಜೋಡಣೆ ತೋರಿಸುವ ಗೆರೆಗಳು) ಮುಚ್ಚಿಹೋಗಿವೆ. ಕಾಕ್‌ಪಿಟ್ ಒಳಗೆ ಮಾತ್ರ ತಮಿಯಾ ಕಂಪನಿಯ ಅಕ್ರಿಲಿಕ್ ಇದೆ. ಆಮೇಲೆ ಅಣ್ಣನ ಮಗ ಆಟಕ್ಕೆ ತೆಗೆದುಕೊಂಡು ಬಾಲದ ಮೇಲೆ ಕಾರಿಗೆ ಹೊಡೆಯುವ ಕಪ್ಪು ಸ್ಪ್ರೇ ಹೊಡೆದಿದ್ದಾನೆ. ಎಲ್ಲ ತೆಗೆದು ನಮ್ಮ ವಾಯುಪಡೆಯ ಬೆಳ್ಳಿ ಬಣ್ಣದ ನ್ಯಾಟ್ ಮಾಡಬೇಕು ಅಂತ ಆಸೆ. ಮೊನ್ನೆ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲಿ (ಬಣ್ಣ ತೆಳು ಮಾಡುವ ದ್ರವ) ಹತ್ತಿ ಅದ್ದಿ ಒಂದು ರೆಕ್ಕೆ ಒರೆಸಿದೆ. ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಅಂಟಂಟಾಗಿ ಎದ್ದು ಬಂತು. ಬ್ರೇಕ್ ಆಯಿಲ್‌ನಲ್ಲಿ ಮುಳುಗಿಸು ಅಂತ ಗೆಳೆಯ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಆ ರೆಕ್ಕೆಯ ಮಾತು. ಥಿನ್ನರ್ ತಾಗಿದ ಜಾಗವನ್ನು ಈಗ ಮುಟ್ಟಬೇಡಿ, ಉಜ್ಜಬೇಡಿ, ಸರಿಮಾಡಲು ಒತ್ತಬೇಡಿ. ಗಾಳಿಯಾಡುವ ಕಡೆ ಒಂದು ವಾರ ಸುಮ್ನೆ ಇಟ್ಟುಬಿಡಿ. ಪ್ಲಾಸ್ಟಿಕ್ ಒಳಗೆ ಹೋದ ಥಿನ್ನರ್ ನಿಧಾನಕ್ಕೆ ಆರಿಹೋಗುತ್ತದೆ, ಮೆತ್ತಗಾದ ಜಾಗ ಮತ್ತೆ ಗಟ್ಟಿಯಾಗುತ್ತದೆ. ಮೇಲ್ಮೈ ಉಬ್ಬುತಗ್ಗಾಗಿ ಉಳಿಯುತ್ತದೆ ನಿಜ. ಅದನ್ನು 600 ನಂಬರಿನ ಎಮರಿ ಪೇಪರ್‌ನಿಂದ ಶುರುಮಾಡಿ, 1000, 2000 ಅಂತ ಏರಿಸುತ್ತಾ ನೀರು ಹಾಕಿಕೊಂಡು ಉಜ್ಜಿದರೆ ಸಮ ಆಗುತ್ತದೆ. ಅಳಿಸಿಹೋದ ಪ್ಯಾನೆಲ್ ಗೆರೆಯನ್ನು ಗಟ್ಟಿ ಟೇಪಿನ ಅಂಚು ಹಿಡಿದು ಸೂಜಿಯಿಂದ ಮತ್ತೆ ಕೊರೆಯಬಹುದು. ರೆಕ್ಕೆ ಕೈಬಿಟ್ಟು ಹೋಗಿಲ್ಲ.

ಹೀಗೆ ಯಾಕೆ ಆಯಿತು ಅಂತ ತಿಳಿದುಕೊಂಡರೆ ಮುಂದಿನ ಕೆಲಸ ಅರ್ಧ ಸುಲಭ. ನಿಮ್ಮ ಕಿಟ್ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್‌ನಿಂದ ಮಾಡಿದ್ದು. ಏರ್‌ಫಿಕ್ಸ್, ತಮಿಯಾ, ರೆವೆಲ್, ಎಲ್ಲರ ಕಿಟ್‌ಗಳೂ ಬಹುತೇಕ ಇದರದ್ದೇ. ತಮಿಯಾದ ತೆಳು ಅಂಟಿನ ಬಾಟಲಿ ತಿರುಗಿಸಿ ನೋಡಿ: ಅದರಲ್ಲಿ ಇರುವುದು ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್. ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲೂ ಇಂಥವೇ ಇರುತ್ತವೆ, ಜೊತೆಗೆ ಟಾಲುಯೀನ್. ಅಂದರೆ ನೀವು ರೆಕ್ಕೆಗೆ ಹಚ್ಚಿದ್ದು ಬಣ್ಣ ತೆಗೆಯುವ ದ್ರವವಲ್ಲ, ಅಂಟು. ಅಂಟು ತನ್ನ ಕೆಲಸ ಮಾಡಿದೆ, ಪ್ಲಾಸ್ಟಿಕ್ ಕರಗಿಸಿದೆ. ಉಗುರುಬಣ್ಣ ತೆಗೆಯುವ ಅಸಿಟೋನ್, ಪೆಟ್ರೋಲ್, ಕಬ್ಬಿಣದ ಗೇಟಿಗೆ ಬಳಸುವ ಪೇಂಟ್ ರಿಮೂವರ್, ಕಿತ್ತಳೆ ಸಿಪ್ಪೆಯ ಎಣ್ಣೆ ಇರುವ ಕ್ಲೀನರ್, ಇವೆಲ್ಲ ಅದೇ ಸಾಲಿಗೆ ಸೇರಿದವು. ಕಿಟ್ ಹತ್ತಿರ ಇವನ್ನು ತರಲೇಬೇಡಿ.

ಹಾಗಾಗಿ ಯಾವುದು ಜಾಸ್ತಿ ಸ್ಟ್ರಾಂಗ್ ಅಂತ ಹುಡುಕುವುದೇ ತಪ್ಪು ದಾರಿ. ಬಣ್ಣಕ್ಕೆ ಆಗದ, ಪ್ಲಾಸ್ಟಿಕ್‌ಗೆ ಏನೂ ಮಾಡದ ದ್ರವ ಯಾವುದು ಅಂತ ಹುಡುಕಬೇಕು. ಅದು ಬಣ್ಣದಿಂದ ಬಣ್ಣಕ್ಕೆ ಬೇರೆ. ನಿಮ್ಮ ಒಂದೇ ವಿಮಾನದಲ್ಲಿ ಮೂರು ಜಾತಿಯ ಬಣ್ಣ ಇದೆ: ಎನಾಮಲ್, ಅಕ್ರಿಲಿಕ್, ಲ್ಯಾಕರ್. ಕಾರಿನ ಸ್ಪ್ರೇ ಸಾಮಾನ್ಯವಾಗಿ ಲ್ಯಾಕರ್. ಒಂದೇ ಬಾಟಲಿಯಿಂದ ಮೂರನ್ನೂ ತೆಗೆಯಲು ಹೊರಟರೆ ಏನಾದರೂ ಒಂದು ಕೆಡುತ್ತದೆ.

ಕೆಲಸ ಶುರುಮಾಡುವ ಮೊದಲು ಇನ್ನೊಂದು ವಿಷಯ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ರೆಡ್ ಆರೋಸ್ 1965ರಿಂದ 1979ರವರೆಗೆ ಹಾರಿಸಿದ್ದು ನ್ಯಾಟ್ ಟಿ.1, ಇಬ್ಬರು ಕೂರುವ ತರಬೇತಿ ವಿಮಾನ. ನಮ್ಮ ವಾಯುಪಡೆ ಬಳಸಿದ್ದು, ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದ್ದು, ಒಬ್ಬರೇ ಕೂರುವ ಎಫ್.1 ಫೈಟರ್. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಪರಮವೀರ ಚಕ್ರ ಪಡೆದ ಪೈಲಟ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ಇದನ್ನೇ. ಎರಡೂ ನ್ಯಾಟ್‌ಗಳೇ, ಆದರೆ ಟಿ.1ರ ಮೈ ಉದ್ದ, ರೆಕ್ಕೆ ದೊಡ್ಡದು, ಕಾಕ್‌ಪಿಟ್ ಗಾಜು ಬೇರೆ. ಬಣ್ಣ ಬದಲಾಯಿಸಿದ ಮಾತ್ರಕ್ಕೆ ನಿಮ್ಮದು ನಮ್ಮ ನ್ಯಾಟ್ ಆಗುವುದಿಲ್ಲ. ಅದಕ್ಕೆ ಎಫ್.1 ಕಿಟ್ಟೇ ಬೇಕು.

ಹಾಗಂತ ಇದನ್ನು ಮೂಲೆಗೆ ಹಾಕಬೇಡಿ. ಬ್ರಿಟಿಷ್ ವಾಯುಪಡೆಯಲ್ಲಿ ಶುರುವಿನ ಟಿ.1ಗಳು ಬೆಳ್ಳಿ ಬಣ್ಣದಲ್ಲೇ ಇದ್ದವು, ಮೇಲೆ ಕಣ್ಣು ಕುಕ್ಕುವ ಕಿತ್ತಳೆ ಪಟ್ಟಿ. ನಿಮ್ಮ ಬೆಳ್ಳಿಯ ಆಸೆಗೆ ಇದು ಹೊಂದುತ್ತದೆ. ಬೆಳ್ಳಿ ಅಂತ ತೀರ್ಮಾನವಾದರೆ ಬಣ್ಣ ಪೂರ್ತಿ ಹೋಗಲೇಬೇಕು, ಅದನ್ನು ಈಗಲೇ ತಿಳಿದುಕೊಳ್ಳಿ. ಹಸಿರು, ಕಂದು ಕ್ಯಾಮೊಫ್ಲಾಜ್ ಹಾಕುವುದಾದರೆ ಹಳೆ ಬಣ್ಣವನ್ನು ಉಜ್ಜಿ ತೆಳು ಮಾಡಿ ಮೇಲೆ ಹೊಡೆದರೂ ನಡೆಯುತ್ತದೆ. ಬೆಳ್ಳಿ ಮಾತ್ರ ಒಂದು ಗೀರನ್ನೂ ಮುಚ್ಚುವುದಿಲ್ಲ. ಕೆಳಗೆ ಉಳಿದ ಬಣ್ಣದ ಅಂಚು, ಬ್ರಶ್‌ನ ಕೂದಲಿನ ಗೆರೆ, ಎಲ್ಲವನ್ನೂ ಎತ್ತಿ ತೋರಿಸುತ್ತದೆ.

ಈಗ ಪರೀಕ್ಷೆ. ಇಯರ್ ಬಡ್ ತೆಗೆದುಕೊಂಡು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ. ಐಪಿಎ ಅಂತ ಕೇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ಒರೆಸಲು ಬಳಸುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋದರೆ ಕಷ್ಟವಿಲ್ಲ. 99 ಪರ್ಸೆಂಟ್ ಇರುವುದನ್ನೇ ತನ್ನಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಬೆರೆತಿರುತ್ತದೆ. ಚಕ್ರದ ಗೂಡಿನ ಒಳಗೋ ರೆಕ್ಕೆಯ ತಳದಲ್ಲೋ, ಕಣ್ಣಿಗೆ ಬೀಳದ ಜಾಗದಲ್ಲಿ ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ. ಬಣ್ಣ ಸಲೀಸಾಗಿ ಹತ್ತಿಗೆ ಹತ್ತಿಕೊಂಡರೆ ಅಕ್ರಿಲಿಕ್. ಹೊಳಪು ಕುಂದಿ, ಮೇಲೆ ಸ್ವಲ್ಪ ಅಂಟಂಟು ಅನಿಸಿ, ಹತ್ತಿಗೆ ತುಸುವೇ ಬಣ್ಣ ಬಂದರೆ ಲ್ಯಾಕರ್ ಇರಬಹುದು. ಏನೂ ಆಗದೆ ಹತ್ತಿ ಬೆಳ್ಳಗೇ ಉಳಿದರೆ ಚೆನ್ನಾಗಿ ಒಣಗಿದ ಎನಾಮಲ್. ನಿಮ್ಮ ಕೆಂಪು ಹೀಗೇ ಇರುತ್ತದೆ.

ಅಕ್ರಿಲಿಕ್ ಕತೆ ಬೇಗ ಮುಗಿಯುತ್ತದೆ. ತಮಿಯಾ ಅಕ್ರಿಲಿಕ್‌ಗೆ ಐಪಿಎ ಸಾಕು, ಬ್ರಶ್ ಅದ್ದಿ ಒರೆಸುತ್ತಿದ್ದರೆ ಕರಗಿ ಬರುತ್ತದೆ. ವ್ಯಾಲೆಹೊ ಕಂಪನಿಯ ತರಹದ ನೀರಿನ ಅಕ್ರಿಲಿಕ್ ಕರಗುವುದಿಲ್ಲ, ಮೆತ್ತಗಾಗಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಆಲ್ಕೋಹಾಲ್ ಪಾಲಿಸ್ಟೈರೀನ್ ಅನ್ನು ಕರಗಿಸುವುದಿಲ್ಲ, ಆ ಭಯ ಬೇಡ. ಬೆಂಕಿಯ ಭಯ ಇರಲಿ. ಐಪಿಎ ಹೊತ್ತಿಕೊಳ್ಳಲು ಬೇಕಾದ ಆವಿ ಸುಮಾರು 12 ಡಿಗ್ರಿಯಲ್ಲೇ ಏಳುತ್ತದೆ. ನಮ್ಮ ಊರುಗಳ ಚಳಿಗಾಲದ ಬೆಳಗ್ಗೆಗೂ ಇದು ಅನ್ವಯಿಸುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಸೊಳ್ಳೆ ಬತ್ತಿ ಇರುವ ಕೋಣೆಯಲ್ಲಿ ಬಾಟಲಿ ತೆರೆಯಬೇಡಿ. ಕಿಟಕಿ ತೆಗೆದಿರಲಿ.

ಇನ್ನು ನಿಮ್ಮ ಮುಖ್ಯ ತಲೆನೋವು, ಆ ದಪ್ಪ ಕೆಂಪು ಎನಾಮಲ್. ಇದಕ್ಕೆ ನಾನು ನಂಬುವುದು ಕಾಸ್ಟಿಕ್ ಸೋಡಾವನ್ನೇ. ಅದರ ಹಿಂದೆ ಒಳ್ಳೆಯ ಕಾರಣ ಇದೆ. ಎನಾಮಲ್ ಅಂದರೆ ಎಣ್ಣೆ ಸೇರಿಸಿ ಮಾಡಿದ ಆಲ್ಕಿಡ್ ರಾಳ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಸೋಪು ಆಗುತ್ತದೆ ಅಂತ ನಮಗೆಲ್ಲ ಗೊತ್ತು. ಇಲ್ಲಿ ಆಗುವುದೂ ಅದೇ ರಾಸಾಯನಿಕ ಕ್ರಿಯೆ. ರಾಳದೊಳಗಿನ ಕೊಂಡಿಗಳನ್ನು ಕ್ಷಾರ ಒಂದೊಂದಾಗಿ ಕತ್ತರಿಸುತ್ತದೆ, ಬಣ್ಣ ಹಿಡಿತ ಬಿಡುತ್ತದೆ. ಪಾಲಿಸ್ಟೈರೀನ್‌ನಲ್ಲಿ ಅಂಥ ಕೊಂಡಿಗಳು ಇಲ್ಲವೇ ಇಲ್ಲ. ಹಾಗಾಗಿ ವಿಮಾನ ಎರಡು ದಿನ ಅದರಲ್ಲಿ ಮುಳುಗಿದ್ದರೂ ಪ್ಲಾಸ್ಟಿಕ್‌ಗೆ ಏನೂ ಆಗುವುದಿಲ್ಲ. ಥಿನ್ನರ್ ಬಣ್ಣ, ಪ್ಲಾಸ್ಟಿಕ್ ಅಂತ ಭೇದ ಮಾಡುವುದಿಲ್ಲ. ಕಾಸ್ಟಿಕ್ ಮಾಡುತ್ತದೆ. ವಿದೇಶಗಳಲ್ಲಿ ಮಾಡೆಲ್ ಮಾಡುವವರು ಓವನ್ ಕ್ಲೀನರ್ ಹೊಡೆಯುತ್ತಾರಲ್ಲ, ಅದರ ಒಳಗೂ ಕೆಲಸ ಮಾಡುವುದು ಇದೇ ಸೋಡಿಯಂ ಹೈಡ್ರಾಕ್ಸೈಡ್. ಅಮೆರಿಕದಲ್ಲಿರುವ ಓದುಗರಿಗೆ ಈಸಿ-ಆಫ್ ಸ್ಪ್ರೇ, ಇಲ್ಲವೇ ನೇರಳೆ ಬಣ್ಣದ ಸೂಪರ್ ಕ್ಲೀನ್ ಸುಲಭವಾಗಿ ಸಿಗುತ್ತದೆ. ನಮ್ಮಲ್ಲಿ ಕಾಸ್ಟಿಕ್ ಸೋಡಾ ಚಕ್ಕೆಯೇ ಅಗ್ಗ. ಸಿಂಕ್ ಪೈಪ್ ಬಿಡಿಸುವ ಪುಡಿ ಬಳಸಬಹುದಾ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಬೇರೆ ಸಾಮಾನು ಬೆರೆತಿರಬಹುದು, ಅಲ್ಯೂಮಿನಿಯಂ ಚೂರು ಕೂಡ. ಬೇಡ.

ಇದು ಕಣ್ಣು ತೆಗೆಯುವ ವಸ್ತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಮೊಣಕೈವರೆಗಿನ ರಬ್ಬರ್ ಗ್ಲೌಸ್, ತುಂಬು ತೋಳಿನ ಹಳೆ ಶರ್ಟ್. ಮನೆಯಲ್ಲಿ ಅಣ್ಣನ ಮಗ ಓಡಾಡುತ್ತಿದ್ದರೆ ಡಬ್ಬಿ ಅವನ ಕೈಗೆ ಸಿಗದ ಕಡೆ, ಮುಚ್ಚಳ ಹಾಕಿ, ಮೇಲೆ ದೊಡ್ಡದಾಗಿ ಬರೆದು ಇಡಿ. ಪಾತ್ರೆ ಗಟ್ಟಿ ಪ್ಲಾಸ್ಟಿಕ್ಕಿನದ್ದೇ ಆಗಬೇಕು, ಐಸ್ ಕ್ರೀಂ ಡಬ್ಬಿ ಸಾಕು. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಮೊದಲು ಒಂದು ಲೀಟರ್ ತಣ್ಣೀರು ಹಾಕಿ, ಅದಕ್ಕೆ 50 ಗ್ರಾಂ ಸೋಡಾ ಚಕ್ಕೆಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಕಲಕಿ. ಯಾವಾಗಲೂ ನೀರಿಗೆ ಸೋಡಾ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತದೆ. ಸರಿಯಾಗಿ ಬೆರೆಸಿದರೂ ದ್ರಾವಣ ಬಿಸಿಯಾಗುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ, ಬಿಸಿಗೆ ತೆಳು ರೆಕ್ಕೆ ಸೊಟ್ಟಗಾದೀತು. ಮೈಮೇಲೆ ಬಿದ್ದರೆ ತಕ್ಷಣ ನಲ್ಲಿ ಕೆಳಗೆ ಹಿಡಿದು ಕಾಲು ಗಂಟೆಗೂ ಜಾಸ್ತಿ ತೊಳೆಯಿರಿ. ಕಣ್ಣಿಗೆ ಬಿದ್ದರೂ ಮೊದಲು ಅದೇ ಕೆಲಸ, ಆಮೇಲೆ ನೇರ ಆಸ್ಪತ್ರೆಗೆ. ಹುಳಿ, ವಿನೆಗರ್ ಅಂತ ಮನೆಮದ್ದು ಹಚ್ಚಬೇಡಿ.

ಮುಳುಗಿಸುವ ಮೊದಲು ವಿಮಾನವನ್ನು ಒಮ್ಮೆ ತಿರುಗಿಸಿ ನೋಡಿ. ಕಿಟ್‌ನ ಅಂಟಿನಿಂದ ಕೂಡಿಸಿದ ಜೋಡಣೆಗೆ ಏನೂ ಆಗುವುದಿಲ್ಲ, ಅಲ್ಲಿ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ ಬೆಸೆದುಕೊಂಡಿರುತ್ತದೆ. ಫೆವಿಕ್ವಿಕ್ ಹಾಕಿದ ಕಡೆ ಕ್ಷಾರಕ್ಕೆ ಬಿಟ್ಟುಕೊಳ್ಳಬಹುದು. ಚಕ್ರದ ಕಾಲುಗಳು ಕಳಚಿ ಬಂದರೆ ಗಾಬರಿ ಬೇಡ, ಬಂದ ಚೂರುಗಳನ್ನು ಒಂದು ಬಟ್ಟಲಲ್ಲಿ ಎತ್ತಿಡಿ. ನ್ಯಾಟ್ ಮೂಗಿನ ಚಕ್ರದ ಮೇಲೆ ನಿಲ್ಲುವ ವಿಮಾನ, ಹಿಂದಕ್ಕೆ ಕೂರಬಾರದು ಅಂತ ಮೂಗಿನೊಳಗೆ ಭಾರ ಹಾಕಿರುತ್ತೀರಿ. ಅದು ಸೀಸದ ಗುಂಡುಗಳಾಗಿದ್ದು ಫೆವಿಕಾಲ್ ಹಾಕಿ ಕೂರಿಸಿದ್ದರೆ ಮೂಗಿನ ಜೋಡಣೆ ಬಿರುಕು ಬಿಟ್ಟಿದೆಯಾ ನೋಡಿ. ಫೆವಿಕಾಲ್ ಜಾತಿಯ ಅಂಟಿನಲ್ಲಿ ಸೀಸ ವರ್ಷಗಟ್ಟಲೆ ಕೂತರೆ ಬಿಳಿ ಪುಡಿಯಾಗಿ ಉಬ್ಬಿ ಪ್ಲಾಸ್ಟಿಕ್ ಸೀಳುವುದುಂಟು. ಬಿರುಕು ಕಂಡರೆ ಮೂಗು ಬಿಡಿಸಿ ಸೀಸ ತೆಗೆದುಬಿಡುವುದೇ ಮೇಲು. ಬೇರೆ ಕಿಟ್‌ಗಳಲ್ಲಿ ಲೇತ್‌ನಲ್ಲಿ ತಿರುಗಿಸಿ ಮಾಡಿದ ಅಲ್ಯೂಮಿನಿಯಂ ಫಿರಂಗಿ ನಳಿಗೆ ಹಾಕಿದವರಿದ್ದರೆ, ಅದನ್ನು ಬಿಚ್ಚದೆ ಕಾಸ್ಟಿಕ್‌ಗೆ ಇಳಿಸಬೇಡಿ. ಹಿತ್ತಾಳೆಯ ತೆಳು ಭಾಗಗಳಿಗೆ ತೊಂದರೆ ಇಲ್ಲ, ಹಿಡಿದಿಟ್ಟ ಅಂಟು ಮಾತ್ರ ಬಿಟ್ಟೀತು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ವಿಮಾನದ ಹೊಟ್ಟೆ ಟೊಳ್ಳು. ದ್ರಾವಣ ಸಣ್ಣ ಸಂದಿಯಿಂದ ಒಳಗೆ ಹೋಗುತ್ತದೆ, ಆದರೆ ಹೊರಗೆ ಬರುವುದಿಲ್ಲ. ತಿಂಗಳಾದ ಮೇಲೆ ಒಂದು ಜೋಡಣೆಯಿಂದ ಹನಿ ಹನಿಯಾಗಿ ಒಸರಿ ಹೊಸ ಬಣ್ಣವನ್ನು ಅಲ್ಲೇ ಎಬ್ಬಿಸುತ್ತದೆ. ಅದಕ್ಕೆ ಹಿಂದಿನ ಜೆಟ್ ಕೊಳವೆಯ ಒಳಗೋ, ಚಕ್ರದ ಗೂಡಿನ ಮೂಲೆಯಲ್ಲೋ ಒಂದೊಂದು ಮಿಲಿಮೀಟರಿನ ಎರಡು ತೂತು ಕೊರೆಯಿರಿ. ಒಂದರಿಂದ ನೀರು ಹೋಗಲು, ಇನ್ನೊಂದರಿಂದ ಗಾಳಿ ಬರಲು.

ಮುಳುಗಿಸಿ ಮುಚ್ಚಳ ಹಾಕಿ. ತೇಲಿದರೆ ಮೇಲೆ ಒಂದು ಗಾಜಿನ ಲೋಟ ಇಡಿ. ಸಂಜೆಗೆ ನೋಡಿದರೆ ದ್ರಾವಣ ಕೆಂಪಾಗಿರಬಹುದು, ವಿಮಾನ ಇನ್ನೂ ಹಾಗೇ ಇದೆ ಅನಿಸಬಹುದು. ಮಾರನೇ ದಿನ ರೆಕ್ಕೆಯ ಅಂಚಿನಲ್ಲಿ ಬಣ್ಣ ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿ ಎದ್ದಿರುತ್ತದೆ. ಆಗ ಗ್ಲೌಸ್ ಹಾಕಿ ಹೊರತೆಗೆದು, ಅಗಲ ಬಟ್ಟಲಿನ ನೀರಿನೊಳಗೇ ಇಟ್ಟು, ಮೃದುವಾದ ಹಳೆ ಟೂತ್‌ಬ್ರಶ್‌ನಿಂದ ತಿಕ್ಕಿ. ನೀರಿನೊಳಗೆ ಅಂತ ಒತ್ತಿ ಹೇಳುತ್ತಿದ್ದೇನೆ. ಗಾಳಿಯಲ್ಲಿ ತಿಕ್ಕಿದರೆ ಬ್ರಶ್‌ನ ಕೂದಲು ಕ್ಷಾರದ ಹನಿಗಳನ್ನು ಕಣ್ಣಿನ ಕಡೆಗೇ ಚಿಮ್ಮಿಸುತ್ತದೆ. ತಿಕ್ಕುವಾಗ ಪ್ಯಾನೆಲ್ ಗೆರೆಯ ದಿಕ್ಕಿನಲ್ಲೇ ಹೋಗಿ. ಅಡ್ಡ ತಿಕ್ಕಿದರೆ ಮೆತ್ತಗಾದ ಬಣ್ಣ ಗೆರೆಯೊಳಗೆ ಹೋಗಿ ಕೂರುತ್ತದೆ.

ಮೊದಲ ಸಲಕ್ಕೇ ಎಲ್ಲ ಬರುವುದಿಲ್ಲ. ನಿಮ್ಮ ಬಣ್ಣ ಹಳೆಯದು, ದಪ್ಪ ಬೇರೆ. ಬಂದಷ್ಟು ತೆಗೆದು ಮತ್ತೆ ಮುಳುಗಿಸಿ. ಬಲ ಹಾಕಬೇಡಿ, ಇನ್ನೊಂದು ರಾತ್ರಿ ಕೊಡಿ. ಕೊನೆಗೆ ರೆಕ್ಕೆ ಮೈಗೆ ಸೇರುವ ಮೂಲೆಯಲ್ಲಿ, ಗಾಳಿ ಒಳಹೋಗುವ ಬಾಯಿಗಳಲ್ಲಿ, ಗೆರೆಗಳ ಒಳಗೆ ಕೆಂಪು ದಾರದಷ್ಟು ಉಳಿಯುತ್ತದೆ. ಅಲ್ಲಿಗೆ ಟೂತ್‌ಪಿಕ್‌ನ ತುದಿಯನ್ನು ಚೂಪು ಮಾಡಿಕೊಂಡು ಗೆರೆಯುದ್ದಕ್ಕೂ ಎಳೆಯಿರಿ. ಕಬ್ಬಿಣದ ಪಿನ್ನು, ಬ್ಲೇಡು ಬೇಡ. ಮರ ಪ್ಲಾಸ್ಟಿಕ್‌ನಲ್ಲಿ ಗೀರು ಮಾಡುವುದಿಲ್ಲ, ಕಬ್ಬಿಣ ಮಾಡುತ್ತದೆ, ಬೆಳ್ಳಿ ಬಣ್ಣದಡಿ ಆ ಗೀರು ಕಂಡೇ ಕಾಣುತ್ತದೆ. ಕೂತು ಮಾಡುವ ಕೆಲಸ ಇದು. ಮುಚ್ಚಿಹೋಗಿದ್ದ ರಿವೆಟ್ಟು, ಬಾಗಿಲ ಗೆರೆ ಒಂದೊಂದೇ ಹೊರಗೆ ಬರುವುದನ್ನು ನೋಡುವುದು ನನಗೆ ಹೊಸ ಕಿಟ್ ಡಬ್ಬಿ ತೆರೆಯುವುದಕ್ಕಿಂತ ಇಷ್ಟ.

ಒಣ ಬಣ್ಣವನ್ನು ಹಾಗೇ ಎಮರಿ ಪೇಪರ್‌ನಲ್ಲಿ ಉಜ್ಜಿ ಪುಡಿ ಎಬ್ಬಿಸಬೇಡಿ. ಹಳೆ ಎನಾಮಲ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಉಜ್ಜಲೇಬೇಕಾದರೆ ನೀರು ಹಾಕಿಕೊಂಡೇ ಉಜ್ಜಿ.

ಬಾಲದ ಕಪ್ಪು ಸ್ಪ್ರೇ ಈ ಕಾಸ್ಟಿಕ್‌ಗೆ ಬಗ್ಗುವುದಿಲ್ಲ. ಲ್ಯಾಕರ್‌ನಲ್ಲಿ ಕ್ಷಾರ ಕತ್ತರಿಸುವಂಥದ್ದು ಅಷ್ಟಾಗಿ ಇಲ್ಲ. ಅದು ಕೆಂಪಿನ ಮೇಲೆ ಮುಚ್ಚಳವಾಗಿ ಕೂತು ಒಳಗಿನ ಎನಾಮಲ್‌ಗೂ ಕಾಸ್ಟಿಕ್ ತಲುಪದ ಹಾಗೆ ಮಾಡುತ್ತದೆ. ಆದ್ದರಿಂದ ಬಾಲದ ಕೆಲಸ ಮೊದಲು. 1000 ನಂಬರಿನ ಎಮರಿ ಪೇಪರ್ ನೀರಲ್ಲಿ ಅದ್ದಿ ಕಪ್ಪು ಪದರದ ಹೊಳಪು ಹೋಗುವವರೆಗೆ, ಅಲ್ಲಲ್ಲಿ ಕೆಂಪು ಇಣುಕುವವರೆಗೆ ಉಜ್ಜಿ. ಆಮೇಲೆ ಬಾಲವನ್ನು ಮಾತ್ರ 99 ಪರ್ಸೆಂಟ್ ಐಪಿಎಯಲ್ಲಿ ಮುಳುಗುವ ಹಾಗೆ ಎತ್ತರದ ಡಬ್ಬಿಯಲ್ಲಿ ನಿಲ್ಲಿಸಿ, ಆವಿ ಹೋಗದಂತೆ ಬಾಯಿ ಮುಚ್ಚಿ. ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಬಹಳಷ್ಟು ಸ್ಪ್ರೇಗಳು ಮೆತ್ತಗಾಗಿ ಏಳುತ್ತವೆ. ಕಪ್ಪು ತೆಳುವಾಗಿ ಒಡೆದರೂ ಸಾಕು, ಉಳಿದದ್ದನ್ನು ಕಾಸ್ಟಿಕ್ ಕೆಳಗಿನಿಂದ ಎತ್ತಿಕೊಡುತ್ತದೆ. ಕೆಳಗಿನ ಕೆಂಪು ಬಿಟ್ಟಾಗ ಮೇಲಿನ ಕಪ್ಪಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಅಲ್ವಾ.

ಈಗ ನಿಮ್ಮ ಗೆಳೆಯರ ಬ್ರೇಕ್ ಆಯಿಲ್. ಅವರು ಹೇಳಿದ್ದು ಸುಳ್ಳಲ್ಲ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ಗಳು ಗ್ಲೈಕಾಲ್ ಈಥರ್ ಜಾತಿಯವು, ಎನಾಮಲ್ಲನ್ನೂ ಲ್ಯಾಕರನ್ನೂ ಎಬ್ಬಿಸುತ್ತವೆ. ಕಾರು, ಬೈಕ್ ಮೇಲೆ ಚೆಲ್ಲಿದರೆ ಅದರ ಬಣ್ಣ ಹೋಗುವುದೂ ಇದೇ ಕಾರಣಕ್ಕೆ. ಹಿಂದಿನಿಂದಲೂ ಮಾಡೆಲ್ ಮಾಡುವವರು ಇದನ್ನು ಬಳಸುತ್ತಾ ಬಂದಿದ್ದಾರೆ. ಸಿಲಿಕೋನ್‌ನಿಂದ ಮಾಡಿದ ಡಾಟ್ 5 ಮಾತ್ರ ಏನೂ ಮಾಡುವುದಿಲ್ಲ. ಆದರೂ ನಾನು ಇದನ್ನು ಕೊನೆಗೆ ಇಡುತ್ತೇನೆ. ಕೆಲವು ಕಿಟ್‌ಗಳ ಪ್ಲಾಸ್ಟಿಕ್ ಇದರಲ್ಲಿ ಪೆಡಸಾಗಿ, ತೆಳು ಭಾಗ ಮುಟ್ಟಿದರೆ ಮುರಿಯುತ್ತದೆ. ವಿಷ ಬೇರೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮೋರಿಗೆ ಸುರಿಯುವ ಹಾಗಿಲ್ಲ, ಬಳಸಿದ್ದನ್ನು ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೇ ಕೊಡಬೇಕು. ಐಪಿಎ, ಕಾಸ್ಟಿಕ್ ಎರಡಕ್ಕೂ ಬಗ್ಗದ ಬಾಲದ ಚೂರು ಏನಾದರೂ ಉಳಿದರೆ ಅಲ್ಲಿಗೆ ಮಾತ್ರ ಬ್ರಶ್‌ನಿಂದ ಹಚ್ಚಿ, ಗಂಟೆಗೊಮ್ಮೆ ನೋಡಿ, ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಇಡೀ ವಿಮಾನ ಮುಳುಗಿಸುವ ಅಗತ್ಯ ನಿಮಗೆ ಇಲ್ಲ.

ಡೆಟಾಲ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಔಷಧಿ ಅಂಗಡಿಯ ಕಂದು ಡೆಟಾಲ್, ನೀರು ಬೆರೆಸದೆ, ಒಂದು ದಿನ ನೆನೆಸಿದರೆ ಅಕ್ರಿಲಿಕ್ ಚೆನ್ನಾಗಿ ಬಿಡುತ್ತದೆ. ಇಂಗ್ಲೆಂಡಿನಲ್ಲಿ ಚಿಕ್ಕ ಸೈನಿಕರ ಬೊಂಬೆಗೆ ಬಣ್ಣ ಹಚ್ಚುವವರ ಮೆಚ್ಚಿನ ಉಪಾಯ ಇದು. ಒಂದೇ ಎಚ್ಚರ: ಹೊರತೆಗೆದ ಕೂಡಲೇ ನೀರಿಗೆ ಹಿಡಿಯಬೇಡಿ. ಬಿಟ್ಟ ಬಣ್ಣ ಅಂಟಾಗಿ ಮತ್ತೆ ಮೈಗೆ ಮೆತ್ತಿಕೊಳ್ಳುತ್ತದೆ. ಡೆಟಾಲ್‌ನಲ್ಲೇ ಅದ್ದಿದ ಬ್ರಶ್‌ನಿಂದ ಎಲ್ಲ ತೆಗೆದು, ಹೊಸ ಡೆಟಾಲ್‌ನಲ್ಲಿ ಒಮ್ಮೆ ಜಾಲಿಸಿ, ಕೊನೆಗೆ ಸೋಪು ನೀರು. ವಾಸನೆ ಮನೆಯಲ್ಲೆಲ್ಲ ಇರುತ್ತದೆ. ನಿಮ್ಮ ಕೆಂಪು ಎನಾಮಲ್‌ಗೆ ನಾನು ಇದನ್ನು ಹೇಳುವುದಿಲ್ಲ. ಕಾರಿನ ಕಿಟ್ ಮಾಡುವವರಿಗೆ ಒಂದು ಮಾತು: ಬಂಪರ್ ಮೇಲಿನ ಕ್ರೋಮ್ ಅಂದರೆ ಅಲ್ಯೂಮಿನಿಯಂನ ತೆಳು ಪದರ. ಬಟ್ಟೆಗೆ ಹಾಕುವ ಬ್ಲೀಚ್ ಸಾಕು, ಇಲ್ಲವೇ ಇದೇ ಕಾಸ್ಟಿಕ್. ಅಡಿಯಲ್ಲಿ ಹಳದಿ ಮೆರುಗು ಉಳಿದರೆ ಅದು ಲ್ಯಾಕರ್, ಐಪಿಎ ಹಚ್ಚಿ. ಬ್ಲೀಚ್ ಜೊತೆ ವಿನೆಗರ್, ಟಾಯ್ಲೆಟ್ ತೊಳೆಯುವ ಆ್ಯಸಿಡ್, ಅಮೋನಿಯಾ ಯಾವುದೂ ಸೇರಬಾರದು, ವಿಷಗಾಳಿ ಏಳುತ್ತದೆ.

ಕಾಕ್‌ಪಿಟ್ ಗಾಜಿಗೆ ಬೇರೆಯೇ ಉಪಚಾರ. ಫೆವಿಕಾಲ್‌ನಿಂದ ಕೂರಿಸಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಟೂತ್‌ಪಿಕ್‌ನಿಂದ ಮೆಲ್ಲಗೆ ಎಬ್ಬಿಸಿ ಬೇರೆ ಇಡಿ. ಕಿಟ್ ಅಂಟಿನಿಂದ ಕೂರಿಸಿದ್ದರೆ ಎಳೆಯಲು ಹೋಗಬೇಡಿ, ಒಡೆಯುತ್ತದೆ. ಅದೂ ಪಾಲಿಸ್ಟೈರೀನೇ, ಆದರೆ ಪಾರದರ್ಶಕ ಪ್ಲಾಸ್ಟಿಕ್ ಜಾಸ್ತಿ ಪೆಡಸು. ಆಲ್ಕೋಹಾಲ್‌ನಲ್ಲಿ ನೆನೆಸಿದರೆ ಒಳಗೆ ಕೂದಲಿನಂಥ ಬಿರುಕುಗಳು ಏಳಬಹುದು, ಅವು ಮತ್ತೆ ಹೋಗುವುದಿಲ್ಲ. ಆದ್ದರಿಂದ ಗಾಜನ್ನು ಐಪಿಎಯಲ್ಲಿ ಮುಳುಗಿಸಬೇಡಿ. ಚೌಕಟ್ಟಿನ ಮೇಲಿನ ಕೆಂಪಿಗೆ ಕಾಸ್ಟಿಕ್ ಸ್ನಾನವೇ ಸುರಕ್ಷಿತ. ಆಮೇಲೆ ಟೂತ್‌ಪಿಕ್‌ನಿಂದ ಕೆರೆದು, ಮಂಕಾದರೆ ಪಾಲಿಶಿಂಗ್ ಪೇಸ್ಟ್ ಹಚ್ಚಿ ಹತ್ತಿ ಬಟ್ಟೆಯಿಂದ ಉಜ್ಜಿ. ಕಾಕ್‌ಪಿಟ್ ಒಳಗಿನ ಅಕ್ರಿಲಿಕ್ ಕೂಡ ಕಾಸ್ಟಿಕ್‌ನಲ್ಲಿ ಬಿಡುತ್ತದೆ. ಸೀಟು, ಡಯಲ್ ಎಲ್ಲ ಮತ್ತೆ ಬಳಿಯಬೇಕಾಗುತ್ತದೆ ಅಂತ ತಿಳಿದೇ ಇಳಿಸಿ.

ಬಣ್ಣ ಹೋದ ಮೇಲೆ ತೊಳೆಯುವುದರಲ್ಲಿ ಆತುರ ಬೇಡ. ಮೊದಲು ಹರಿಯುವ ನೀರು. ಆಮೇಲೆ ಒಂದು ಲೀಟರ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ, ಅದರಲ್ಲಿ ಹತ್ತು ನಿಮಿಷ ಇಟ್ಟರೆ ಸಂದಿಯಲ್ಲಿ ಉಳಿದ ಕ್ಷಾರ ಸತ್ತುಹೋಗುತ್ತದೆ. ಬಳಿಕ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರು, ಕೊನೆಗೆ ಮತ್ತೆ ಬರೀ ನೀರು. ಕೊರೆದ ತೂತು ಕೆಳಗಾಗುವಂತೆ ಹಿಡಿದು ಅಲುಗಾಡಿಸಿ ಒಳಗಿನ ನೀರು ಬಸಿಯಿರಿ. ನೆರಳಲ್ಲಿ ಒಣಗಿಸಿ. ಹೇರ್ ಡ್ರೈಯರ್, ಬಿಸಿಲಿಗೆ ನಿಂತ ಕಾರಿನೊಳಗೆ ಇಡುವುದು, ಎರಡೂ ಬೇಡ. ಬಳಸಿದ ಕಾಸ್ಟಿಕ್ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿ, ಬಣ್ಣದ ಗಸಿಯನ್ನು ಒಣಗಿಸಿ ಬೇರೆಯಾಗಿ ಎಸೆಯಿರಿ. ದ್ರಾವಣಕ್ಕೆ ಬಕೆಟ್‌ಗಟ್ಟಲೆ ನೀರು ಸೇರಿಸಿ ಬಚ್ಚಲಿಗೆ ಬಿಡಬಹುದು. ಗಿಡದ ಬುಡಕ್ಕೆ ಬೇಡ. ಐಪಿಎಯನ್ನು ಒಂದು ರಾತ್ರಿ ಅಲುಗಿಸದೆ ಇಟ್ಟರೆ ಗಸಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಆಗುತ್ತದೆ.

ಒಣಗಿದಾಗ ನಿಮ್ಮ ವಿಮಾನ ಕಿಟ್ ಪೆಟ್ಟಿಗೆಯಲ್ಲಿದ್ದ ಹಾಗೆ ಇರುವುದಿಲ್ಲ. ಅಲ್ಲಲ್ಲಿ ಗುಲಾಬಿ ಛಾಯೆ ಉಳಿದಿರುತ್ತದೆ. ಕೆಂಪು ಬಣ್ಣದ ಹಣೆಬರಹ ಅದು, ಪ್ಲಾಸ್ಟಿಕ್‌ನ ಮೇಲ್ಮೈಗೇ ಇಳಿದಿರುತ್ತದೆ. ಬೆರಳ ಉಗುರು ಎಳೆದು ನೋಡಿ. ಅಂಚು ತಡೆಯದಿದ್ದರೆ ಅದು ಬಣ್ಣದ ಪದರವಲ್ಲ, ಬರೀ ಕಲೆ. ಅದನ್ನು ತೆಗೆಯಲು ಮತ್ತೆ ಮತ್ತೆ ಮುಳುಗಿಸಬೇಡಿ, ಉಜ್ಜಿ ಪ್ಲಾಸ್ಟಿಕ್ ಸವೆಸಬೇಡಿ. ಹಳದಿ ಅಥವಾ ಬಿಳಿ ಹೊಡೆಯುವವರಿಗೆ ಈ ಕಲೆ ತೊಂದರೆ ಕೊಡುತ್ತದೆ, ಕೆಂಪು ನಿಧಾನಕ್ಕೆ ಮೇಲಕ್ಕೆ ಬಂದು ಬಿಳಿಯನ್ನು ಗುಲಾಬಿ ಮಾಡಬಲ್ಲದು. ಬೆಳ್ಳಿಗೆ ಆ ಚಿಂತೆ ಕಡಿಮೆ, ಕೆಳಗಿನ ಬಣ್ಣವನ್ನು ಅದು ಚೆನ್ನಾಗಿ ತಡೆಯುತ್ತದೆ.

ಮೊದಲು ಬೂದು ಪ್ರೈಮರ್ ತೆಳುವಾಗಿ ಹೊಡೆಯಿರಿ. ಒಂದು ದಿನ ಬಿಟ್ಟು ಟಾರ್ಚನ್ನು ಪಕ್ಕದಿಂದ ಹಿಡಿದು ಮೈಯೆಲ್ಲ ನೋಡಿ. ಥಿನ್ನರ್ ತಾಗಿದ್ದ ರೆಕ್ಕೆಯಲ್ಲಿ ಇನ್ನೂ ಅಲೆ ಕಾಣುತ್ತಿದ್ದರೆ ತಮಿಯಾ ಪುಟ್ಟಿ ಸವರಿ, ಒಣಗಿದ ಮೇಲೆ 1000, ಆಮೇಲೆ 2000 ನಂಬರಿನಲ್ಲಿ ಉಜ್ಜಿ ಮತ್ತೊಂದು ಕೈ ಪ್ರೈಮರ್ ಕೊಡಿ. ಅದರ ಮೇಲೆ ಹೊಳಪಿನ ಕಪ್ಪು, ಕಪ್ಪು ಪೂರ್ತಿ ಒಣಗಿದ ಮೇಲೆ ಬೆಳ್ಳಿ.